1952ರ ಬಾಂಬೆ ಸಿಟಿ ನಾರ್ತ್: ಹೆಚ್ಚು ಮತ ಬಿದ್ದವರು ಸೋತು, ಕಡಿಮೆ ಬಿದ್ದವರು ಗೆದ್ದಿದ್ದು ಹೇಗೆ?

ಅಂಕಿಪುಸ್ತಕ

ಮುಂಬೈಯ ಹಳೆಯ ಲೋಕಸಭಾ ಕ್ಷೇತ್ರಗಳ ಫಲಿತಾಂಶಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ಹಾಕುತ್ತಿದ್ದೇನೆ. ಮೊದಲ ಚುನಾವಣೆಯ ಬಾಂಬೆ ಸಿಟಿ ನಾರ್ತ್ ಹತ್ತಿರ ಬಂದು ಲೆಕ್ಕ ನಿಂತಿದೆ. ಮೊದಲ ಐವರು ಇವರು:

ವಿಠ್ಠಲ ಬಾಲಕೃಷ್ಣ ಗಾಂಧಿ (ಕಾಂಗ್ರೆಸ್) – 1,49,138
ಅಶೋಕ ಮೆಹ್ತಾ (ಸೋಷಿಯಲಿಸ್ಟ್) – 1,39,741
ನಾರಾಯಣ ಸದೋಬಾ ಕಾಜ್ರೋಳ್ಕರ್ (ಕಾಂಗ್ರೆಸ್) – 1,38,137
ಬಿ.ಆರ್. ಅಂಬೇಡ್ಕರ್ (ಷೆಡ್ಯೂಲ್ಡ್ ಕ್ಯಾಸ್ಟ್ಸ್ ಫೆಡರೇಶನ್) – 1,23,576
ಎಸ್.ಎ. ಡಾಂಗೆ (ಕಮ್ಯುನಿಸ್ಟ್) – 96,755

ಗೆದ್ದವರು ಗಾಂಧಿ ಮತ್ತು ಕಾಜ್ರೋಳ್ಕರ್ ಎಂದಿದೆ. ಎರಡನೆಯ ಸ್ಥಾನದ ಮೆಹ್ತಾ ಏನಾದರು? ಇನ್ನೊಂದು ಗೊಂದಲ: 1957ಕ್ಕೆ ಅದೇ ಹೆಸರಿನ ಕ್ಷೇತ್ರದಲ್ಲಿ ವಿ.ಕೆ. ಕೃಷ್ಣ ಮೆನನ್ ಒಬ್ಬರೇ ಗೆದ್ದಿದ್ದಾರೆ. ನಡುವೆ ಮೀಸಲಾತಿ ತೆಗೆದುಬಿಟ್ಟರಾ?

ಮತಪೆಟ್ಟಿಗೆ

ಅದು ದ್ವಿಸದಸ್ಯ ಕ್ಷೇತ್ರ. ಆ ಚುನಾವಣೆಯಲ್ಲಿ 489 ಸ್ಥಾನಗಳಿಗೆ ಇದ್ದದ್ದು 401 ಕ್ಷೇತ್ರಗಳು. 314 ಏಕಸದಸ್ಯ, 86 ದ್ವಿಸದಸ್ಯ, ಜೊತೆಗೆ ಮೂವರನ್ನು ಕಳಿಸುವ ಉತ್ತರ ಬಂಗಾಳ. ಸಿಟಿ ನಾರ್ತ್‌ನ ಎರಡು ಸ್ಥಾನಗಳಲ್ಲಿ ಒಂದು ಪರಿಶಿಷ್ಟ ಜಾತಿಗೆ ಮೀಸಲು, ಇನ್ನೊಂದು ಸಾಮಾನ್ಯ.

ಆದರೆ ಇವನ್ನು ಎರಡು ಬೇರೆ ಚುನಾವಣೆ ಎಂದು ತಿಳಿಯಬೇಡಿ, ಎಲ್ಲರೂ ಎಡವುವುದು ಅಲ್ಲೇ. ಅಭ್ಯರ್ಥಿಗಳ ಪಟ್ಟಿ ಒಂದೇ, ಮತದಾರರೂ ಅವರೇ. ಪ್ರತಿ ಮತದಾರನಿಗೆ ಎರಡು ಮತ, ಎರಡನ್ನೂ ಒಬ್ಬರಿಗೇ ಕೊಡುವಂತಿಲ್ಲ (1951ರ ಪ್ರಜಾಪ್ರತಿನಿಧಿ ಕಾಯ್ದೆ, ಕಲಂ 63). ಎಣಿಕೆ ಮುಗಿದ ಮೇಲೆ ಕಲಂ 54ರ ಪ್ರಕಾರ ಮೊದಲು ತುಂಬುವುದು ಮೀಸಲು ಸ್ಥಾನ: ಪರಿಶಿಷ್ಟ ಜಾತಿಯ ಅಭ್ಯರ್ಥಿಗಳ ಪೈಕಿ ಅತಿ ಹೆಚ್ಚು ಮತ ಪಡೆದವರು ಅಲ್ಲಿಗೆ. ಆಮೇಲೆ ಉಳಿದವರೆಲ್ಲರಲ್ಲಿ ಮುಂದಿರುವವರು ಸಾಮಾನ್ಯ ಸ್ಥಾನಕ್ಕೆ.

ನಿಮ್ಮ ಅಂಕಿಗಳಿಗೆ ಇದನ್ನು ಹೊಂದಿಸಿ. ಮೀಸಲು ಸ್ಥಾನಕ್ಕೆ ಕಾಜ್ರೋಳ್ಕರ್, ಅಂಬೇಡ್ಕರ್ ವಿರುದ್ಧ 14,561 ಅಂತರ. ಸಾಮಾನ್ಯ ಸ್ಥಾನಕ್ಕೆ ಗಾಂಧಿ, ಮೆಹ್ತಾ ವಿರುದ್ಧ 9,397 ಅಂತರ. ಮೆಹ್ತಾ ಕಾಜ್ರೋಳ್ಕರ್‌ಗಿಂತ 1,604 ಮತ ಮುಂದಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅವರ ಪೈಪೋಟಿ ಗಾಂಧಿಯವರ ಜೊತೆ ಮಾತ್ರ.

‘ಉಳಿದವರೆಲ್ಲರಲ್ಲಿ’ ಎಂಬುದರಲ್ಲಿ ಮೀಸಲು ವರ್ಗದವರೂ ಸೇರುತ್ತಾರೆ. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಪರಿಶಿಷ್ಟ ಪಂಗಡದ ಇಬ್ಬರು ಎರಡೂ ಸ್ಥಾನ ಪಡೆದು, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ ಸೋತರು. ಗಿರಿ ಸುಪ್ರೀಂ ಕೋರ್ಟಿನವರೆಗೆ ಹೋದರೂ 1959ರಲ್ಲಿ ಆ ಫಲಿತಾಂಶವೇ ಊರ್ಜಿತವಾಯಿತು. 1961ರಲ್ಲಿ ಕಾಯ್ದೆ ತಂದು ದ್ವಿಸದಸ್ಯ ಪದ್ಧತಿಯನ್ನೇ ರದ್ದುಮಾಡಿದರು.

ಅಂಕಿಪುಸ್ತಕ

ಈಗ ಲೆಕ್ಕ ಕೂಡಿತು, ಧನ್ಯವಾದ. ಹಾಗಾದರೆ ‘74,333 ಮತ ರದ್ದುಮಾಡಿ ಅಂಬೇಡ್ಕರರನ್ನು 14,561 ಮತಗಳಿಂದ ಸೋಲಿಸಿದರು’ ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶ ಸರಿಯೇ?

ಮತಪೆಟ್ಟಿಗೆ

ಎರಡೂ ಅಂಕಿ ದಾಖಲೆಯವೇ. ಒಂದರ ಪಕ್ಕ ಒಂದನ್ನಿಟ್ಟು ತೆಗೆಯುವ ಅರ್ಥ ಮಾತ್ರ ನಿಲ್ಲುವುದಿಲ್ಲ. ಆಗ ಮತ ಹಾಕುತ್ತಿದ್ದ ಬಗೆ ಗೊತ್ತಿದ್ದರೆ ಇದು ತಿಳಿಯುತ್ತದೆ.

1952ರಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಗಳ ಹೆಸರಾಗಲೀ ಚಿಹ್ನೆಯಾಗಲೀ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಮತದಾರ ಮರೆಯೊಳಗೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಬೇಕು. ದ್ವಿಸದಸ್ಯ ಕ್ಷೇತ್ರದಲ್ಲಿ ಕೈಗೆ ಎರಡು ಚೀಟಿ, ಹಾಕಬೇಕಾದ್ದು ಎರಡು ಬೇರೆ ಪೆಟ್ಟಿಗೆಗೆ. ಎರಡನ್ನೂ ಒಂದೇ ಪೆಟ್ಟಿಗೆಗೆ ತುರುಕಿದರೆ ಎಣಿಕೆಯಲ್ಲಿ ಕ್ರಮಸಂಖ್ಯೆ ನೋಡಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಡುತ್ತಿದ್ದರು. ಕುಲಗೆಟ್ಟ ಮತಗಳ ರಾಶಿ ಹೀಗೂ ಬೆಳೆಯುತ್ತಿತ್ತು.

ಈಗ ಗಮನಿಸಿ. ಅಂಬೇಡ್ಕರರ ಪೆಟ್ಟಿಗೆಗೆ ಒಬ್ಬ ಎರಡೂ ಚೀಟಿ ಹಾಕಿದ್ದರೆ ಅವರಿಗೆ ಬರಬೇಕಾದ ಒಂದು ಮತ ಬಂದೇ ಬಂತು. ನಷ್ಟವಾದದ್ದು ಚುನಾವಣಾ ಮೈತ್ರಿಯಲ್ಲಿ ಅವರ ಜೋಡಿಯಾಗಿ ಸಾಮಾನ್ಯ ಸ್ಥಾನಕ್ಕೆ ನಿಂತಿದ್ದ ಮೆಹ್ತಾಗೆ. ಅದೇ ರೀತಿ ಡಾಂಗೆ ಪೆಟ್ಟಿಗೆಗೆ ಎರಡೂ ಚೀಟಿ ಬಿದ್ದರೆ ಡಾಂಗೆಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಳೆದುಹೋಗುವುದು ಆ ಮತದಾರ ಮೀಸಲು ಸ್ಥಾನದ ಯಾರಿಗಾದರೂ ಕೊಡಬಹುದಾಗಿದ್ದ ಎರಡನೆಯ ಮತ. ಅಂಬೇಡ್ಕರ್ ಮತ್ತು ಮೆಹ್ತಾ ಸೇರಿ ಹಾಕಿದ ಚುನಾವಣಾ ತಕರಾರು ಅರ್ಜಿಯ ತಿರುಳೂ ಇದೇ: ಎರಡನೆಯ ಮತವನ್ನು ಹಾಳುಮಾಡಿ ಎಂದು ಡಾಂಗೆ ಕಡೆಯವರು ಪ್ರಚಾರ ಮಾಡಿದ್ದರು ಎಂಬ ಆರೋಪ. ಅರ್ಜಿ ಊರ್ಜಿತವಾಗಲಿಲ್ಲ. ದೂರು ಇದ್ದದ್ದು ಮತ ಪೋಲು ಮಾಡಿಸಿದ ಪ್ರಚಾರದ ಮೇಲೆ. ವಾಟ್ಸಾಪ್ ಸಂದೇಶದಲ್ಲಿ ಅದು ಅಂಬೇಡ್ಕರರಿಗೇ ಬಿದ್ದ 74,333 ಮತಗಳನ್ನು ಕಸಕ್ಕೆ ಎಸೆದಂತೆ ಕೇಳಿಸುತ್ತದೆ.

ನನ್ನನ್ನು ಕೇಳಿದರೆ ಸೋಲಿನ ಸುಳಿವು ಬೇರೆ ಕಡೆ ಇದೆ. ಪಕ್ಷಗಳು ಜೋಡಿಯಾಗಿ ನಿಂತಿದ್ದವು, ಆದ್ದರಿಂದ ಜೋಡಿಯೊಳಗಿನ ಬಿರುಕನ್ನು ಅಳೆಯಿರಿ. ಕಾಂಗ್ರೆಸ್ಸಿನ ಇಬ್ಬರ ನಡುವೆ 11,001 ವ್ಯತ್ಯಾಸ. ಮೆಹ್ತಾ–ಅಂಬೇಡ್ಕರ್ ಜೋಡಿಯಲ್ಲಿ 16,165. ಇದು ಸೋಲಿನ ಅಂತರಕ್ಕಿಂತ ಜಾಸ್ತಿ! ಮೆಹ್ತಾಗೆ ಹಾಕಿದವರೆಲ್ಲ ಅಂಬೇಡ್ಕರರಿಗೂ ಹಾಕಿದ್ದರೆ ಅವರ ಮತ 1,39,741ಕ್ಕೆ ಕಡಿಮೆಯಾಗುತ್ತಿರಲಿಲ್ಲ, ಕಾಜ್ರೋಳ್ಕರರನ್ನು ದಾಟುತ್ತಿದ್ದರು. ಯಾರು ಯಾರಿಗೆ ದಾಟಿಸಿದರೆಂದು ಈ ಅಂಕಿಗಳಿಂದ ಹೇಳಲಾಗದು, ಇದು ನಿವ್ವಳ ವ್ಯತ್ಯಾಸ ಅಷ್ಟೆ. ಆದರೆ 1954ರ ಭಂಡಾರ ಉಪಚುನಾವಣೆಯಲ್ಲೂ ಇದೇ ಜೋಡಿ ನಿಂತು ಮೆಹ್ತಾ ಗೆದ್ದು ಅಂಬೇಡ್ಕರ್ ಸೋತದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಗಡಿರೇಖೆ

ಕೃಷ್ಣ ಮೆನನ್ ಪ್ರಶ್ನೆ ಹಾಗೇ ಉಳಿಯಿತು. ಹೆಸರು ಒಂದೇ, ನೆಲ ಬೇರೆ.

1952ರಲ್ಲಿ ಮುಂಬೈಗೆ ಮೂರು ಕ್ಷೇತ್ರ, ನಾಲ್ಕು ಸ್ಥಾನ: ಸಿಟಿ ಸೌತ್ (ಎಸ್.ಕೆ. ಪಾಟೀಲ್), ಎರಡು ಸ್ಥಾನಗಳ ಸಿಟಿ ನಾರ್ತ್, ಮತ್ತು ಸಬರ್ಬನ್ (ಜಯಶ್ರೀ ರಾಯ್‌ಜಿ). ಆಗಿನ ‘ನಾರ್ತ್’ ಎಂದರೆ ದ್ವೀಪನಗರದ ಉತ್ತರ ಭಾಗ, ಗಿರಣಿ ಕಾರ್ಮಿಕರ ಪರೇಲ್, ದಾದರ್ ಕಡೆ. 1957ಕ್ಕೆ ಅದಕ್ಕೆ ಸಿಟಿ ಸೆಂಟ್ರಲ್ ಎಂದು ಹೆಸರು ಬಂತು, ಎರಡು ಸ್ಥಾನವೂ ಹಾಗೇ ಉಳಿಯಿತು. ‘ನಾರ್ತ್’ ಹೆಸರು ಮೇಲಕ್ಕೆ, ಉಪನಗರಗಳ ಕಡೆಗೆ ಹೋಯಿತು. ಮೆನನ್ ಗೆದ್ದದ್ದು ಅಲ್ಲಿ. ಹೀಗಾಗಿ ಮೀಸಲಾತಿ ಎಲ್ಲಿಗೂ ಹೋಗಿಲ್ಲ, ನೀವು ನೋಡುತ್ತಿರುವ ಕ್ಷೇತ್ರ ತಪ್ಪು.

ನೆಲದ ಜಾಡು ಹಿಡಿದರೆ ಕಥೆ ಇನ್ನೂ ಸ್ವಾರಸ್ಯ. 1957ರಲ್ಲಿ ಸಿಟಿ ಸೆಂಟ್ರಲ್‌ನಿಂದ ಗೆದ್ದವರು ಡಾಂಗೆ ಮತ್ತು ಷೆಡ್ಯೂಲ್ಡ್ ಕ್ಯಾಸ್ಟ್ಸ್ ಫೆಡರೇಶನ್ನಿನ ಜಿ.ಕೆ. ಮಾನೆ. ಐದು ವರ್ಷದ ಹಿಂದೆ ತಕರಾರು ಅರ್ಜಿಯಲ್ಲಿ ಎದುರಾಳಿಗಳಾಗಿದ್ದ ಎರಡು ಬಣಗಳು, ಮರಾಠಿ ಭಾಷಿಕರ ರಾಜ್ಯಕ್ಕಾಗಿ ಹೋರಾಡುತ್ತಿದ್ದ ಸಂಯುಕ್ತ ಮಹಾರಾಷ್ಟ್ರ ಸಮಿತಿಯ ಅಡಿಯಲ್ಲಿ ಜೋಡಿಯಾಗಿದ್ದವು. ಭಾಷಾವಾರು ರಾಜ್ಯದ ಅಲೆಗೆ ಅಷ್ಟು ಶಕ್ತಿ ಇತ್ತು. ಅಂಥ ಅಲೆಯ ನಡುವೆಯೂ ಮೆನನ್ ಕಾಂಗ್ರೆಸ್ಸಿನಿಂದ ನಿಂತು ಪೀಟರ್ ಆಲ್ವಾರಿಸ್ ಅವರನ್ನು ಸೋಲಿಸಿದರು ಎಂಬುದೂ ಸಣ್ಣ ಮಾತಲ್ಲ.

1961ರ ಕಾಯ್ದೆಯ ನಂತರ ಸೆಂಟ್ರಲ್ ಎರಡು ಹೋಳಾಯಿತು. 1962ರಲ್ಲಿ ಒಂದರಿಂದ ವಿ.ಬಿ. ಗಾಂಧಿ, ಮೀಸಲಾದ ಇನ್ನೊಂದರಿಂದ ಕಾಜ್ರೋಳ್ಕರ್, ಅಂದರೆ 1952ರ ಜೋಡಿಯೇ ಲೋಕಸಭೆಗೆ ವಾಪಸ್. ಅದೇ ವರ್ಷ ನಾರ್ತ್‌ನಲ್ಲಿ ಮೆನನ್, ವಿರೋಧ ಪಕ್ಷಗಳ ಬೆಂಬಲದೊಂದಿಗೆ ನಿಂತ ಜೆ.ಬಿ. ಕೃಪಲಾನಿಯವರನ್ನು ಸುಮಾರು 1.45 ಲಕ್ಷ ಮತಗಳಿಂದ ಸೋಲಿಸಿದರು.

1967ಕ್ಕೆ ನಕ್ಷೆ ಮತ್ತೆ ಬದಲು, ಸಿಟಿ ನಾರ್ತ್ ಎಂಬ ಹೆಸರಿನ ಆಟ ಅಲ್ಲಿಗೆ ಮುಗಿಯಿತು. ಟಿಕೆಟ್ ತಪ್ಪಿದ ಮೆನನ್ ಪಕ್ಷೇತರರಾಗಿ ನಾರ್ತ್ ಈಸ್ಟ್‌ನಲ್ಲಿ ಎಸ್.ಜಿ. ಬರ್ವೆ ಎದುರು ಸೋತರು. ಬರ್ವೆ ತೀರಿಕೊಂಡದ್ದರಿಂದ ನಡೆದ ಉಪಚುನಾವಣೆಯಲ್ಲಿ ಅವರ ತಂಗಿ ತಾರಾ ಸಪ್ರೆ ಎದುರೂ ಸೋತರು. (ಅದೇ ಸಲ ಬಾಂಬೆ ಸೌತ್‌ನಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಸೋಲಿಲ್ಲದ ಸರದಾರ ಎನಿಸಿದ್ದ ಎಸ್.ಕೆ. ಪಾಟೀಲರನ್ನು ಕೆಡವಿದ್ದು. ವಿಷಯಾಂತರ, ಆದರೂ ಹೇಳದೆ ಇರಲಾಗಲಿಲ್ಲ.)

ಕಾಲಂ_ಎಣಿಕೆ

ಎಕ್ಸೆಲ್ ಹಾಳೆಯ ಬಗ್ಗೆ ಒಂದೆರಡು ಮಾತು. ಸಾಲನ್ನು ಗುರುತಿಸುವ ಕೀಲಿಯಾಗಿ ಕ್ಷೇತ್ರದ ಹೆಸರೊಂದನ್ನೇ ಇಡಬೇಡಿ. ‘1952-ನಾರ್ತ್’, ‘1957-ನಾರ್ತ್’ ಎಂದು ವರ್ಷ ಸೇರಿಸಿ ಬೇರೆ ಸಾಲು ಮಾಡಿ, ‘ಯಾವ ನೆಲದಿಂದ ಬಂದದ್ದು’ ಎಂಬ ಕಾಲಂ ಒಂದನ್ನು ಪಕ್ಕದಲ್ಲಿಡಿ. ‘ಸ್ಥಾನಗಳು’ ಎಂಬ ಕಾಲಂ ಬೇಕೇ ಬೇಕು. ಅಂತರವನ್ನು ಮೊದಲನೆಯವರಿಂದ ಎರಡನೆಯವರನ್ನು ಕಳೆದು ತೆಗೆಯುವ ಸೂತ್ರ ಇಲ್ಲಿ ಕೆಲಸಕ್ಕೆ ಬಾರದು. ಮೀಸಲು, ಸಾಮಾನ್ಯ ಎಂದು ಎರಡು ಅಂತರ ಕೈಯಲ್ಲೇ ತುಂಬಿ.

ಶೇಕಡಾ ಲೆಕ್ಕ ಇನ್ನೂ ಮೋಸದ್ದು. ಅಂಬೇಡ್ಕರರಿಗೆ ಶೇ. 17ರಷ್ಟು ಮತ ಎಂದು ಬರೆದರೆ ಆರರಲ್ಲಿ ಒಬ್ಬ ಮಾತ್ರ ಅವರ ಪರ ಎಂದು ಓದುವವರು ತಿಳಿಯುತ್ತಾರೆ. ಅದು ಒಟ್ಟು ಮತಗಳ ಶೇಕಡಾ, ಮತದಾರರದ್ದಲ್ಲ. ಎಲ್ಲರೂ ಎರಡೂ ಮತ ಹಾಕಿದ್ದರೆ ಯಾರಿಗೇ ಆಗಲಿ ಗರಿಷ್ಠ ಸಿಗುವುದು ಶೇ. 50. ಹಾಗಾಗಿ ಮತದಾರರಲ್ಲಿ ಅವರ ಪಾಲು ಮೂರರಲ್ಲಿ ಒಂದರ ಹತ್ತಿರ. ಮತಪ್ರಮಾಣ ತೆಗೆಯುವಾಗಲೂ ಒಟ್ಟು ಮತವನ್ನು ಮತದಾರರ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. ಒಂದೇ ಮತ ಹಾಕಿ ಹೋದವರು ಇರುವುದರಿಂದ ನಿಜವಾದ ಪ್ರಮಾಣ ಅದಕ್ಕಿಂತ ತುಸು ಹೆಚ್ಚೇ ಇರುತ್ತದೆ, ಆ ಸಾಲಿಗೆ ‘ಅಂದಾಜು’ ಎಂದು ಗುರುತು ಹಾಕಿಬಿಡಿ.

ಅಂಕಿಪುಸ್ತಕ

ಸೂತ್ರ ತೆಗೆದು ಎರಡು ಅಂತರದ ಕಾಲಂ ಮಾಡಿದೆ. 1957ರ ಸೆಂಟ್ರಲ್ ಸಾಲಿಗೂ ಇದೇ ಕ್ರಮ ತಾನೇ?

ಮತಪೆಟ್ಟಿಗೆ

ಹೌದು, ಇದೇ ಕ್ರಮ. 1957ರಲ್ಲೂ ಪೆಟ್ಟಿಗೆ ಪದ್ಧತಿಯೇ ಇತ್ತು, ಆಗ ದೇಶದಲ್ಲಿ 91 ದ್ವಿಸದಸ್ಯ ಕ್ಷೇತ್ರ. 1962ರಿಂದ ಮುಂದೆ ಮಾಮೂಲಿ ಸೂತ್ರ ಹಾಕಬಹುದು.