‘ಸರದಿ ತಡ’, ‘ಸಾಲು ತಡ’: ಈ ಎರಡು ಪದ ನಡೆಯುತ್ತವೆಯೇ?

ಗೆಳೆಯರೇ, ನಮಸ್ಕಾರ.

ಮಂಡ್ಯದಲ್ಲಿ ಡಿಪ್ಲೊಮಾ ಮಕ್ಕಳಿಗೆ ನೆಟ್‌ವರ್ಕ್ ಪಾಠ ಮಾಡುತ್ತೇನೆ. ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಾ ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ಒಂದೇ ತಂತಿಯಲ್ಲಿ ಹತ್ತು ಜನರ ಡೇಟಾ ಕಳಿಸುವುದು ಮಲ್ಟಿಪ್ಲೆಕ್ಸಿಂಗ್. ಆ ಪದ ಹಾಗೇ ಇರಲಿ, ಮಕ್ಕಳ ಬಾಯಿಗೆ ಬಂದುಬಿಟ್ಟಿದೆ. ಡೇಟಾವನ್ನು ತುಂಡು ಮಾಡಿ ಕಳಿಸುವಾಗ ಒಂದೊಂದು ತುಂಡಿಗೆ ಅನ್ನುವ ಪ್ಯಾಕೆಟ್ ಕೂಡ ಹಾಗೇ. 1960ರ ದಶಕದಲ್ಲಿ ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಡೇವಿಸ್ ಆ ಹೆಸರಿಡುವಾಗ ಭಾಷೆ ಬಲ್ಲವರನ್ನು ಕೇಳಿಯೇ ಇಟ್ಟಿದ್ದರು. ನನಗೆ ಪದ ಬೇಕಿರುವುದು ಕಾಯುವುದಕ್ಕೆ.

ಒಂದು ವಿಧಾನದಲ್ಲಿ ಪ್ರತಿಯೊಬ್ಬರಿಗೂ ಹೊತ್ತು ಗೊತ್ತು ಮಾಡಿರುತ್ತಾರೆ. ಬೇರೆ ಯಾರೂ ಏನೂ ಕಳಿಸದಿದ್ದರೂ ನಮ್ಮ ಹೊತ್ತು ಬರುವ ತನಕ ಕಾಯಬೇಕು. ಇನ್ನೊಂದು ಇಂಟರ್‌ನೆಟ್‌ನ ಪ್ಯಾಕೆಟ್ ವಿಧಾನ. ಮುಂದೆ ಯಾರೂ ಇಲ್ಲದಿದ್ದರೆ ಸೀದಾ ಹೊರಡಬಹುದು, ಇದ್ದರೆ ಹಿಂದೆ ನಿಲ್ಲಬೇಕು. ಎರಡಕ್ಕೂ ಸುಮ್ನೆ ‘ವಿಳಂಬ’ ಅಂತ ಬರೆದರೆ ಕಾಯುವ ಕಾರಣವೇ ಕಾಣುವುದಿಲ್ಲ.

ಮೊನ್ನೆ ಪಾಂಡವಪುರದ ಕಡೆಯ ಹುಡುಗಿಯೊಬ್ಬಳು, “ಸರ್, ಮೊದಲನೇದು ನಾಲೆಯ ಕಟ್ಟು ಪದ್ಧತಿ ಥರ ಅಲ್ವಾ?” ಅಂದಳು. ಹೌದಲ್ಲ! ಕೆಆರ್‌ಎಸ್‌ನಲ್ಲಿ ನೀರು ಕಡಿಮೆ ಇದ್ದಾಗ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರೆ. ಪೈರು ಬಾಡುತ್ತಿದ್ದರೂ ಆ ದಿನ ಬರುವ ತನಕ ಗದ್ದೆಗೆ ನೀರಿಲ್ಲ. ಎರಡನೆಯದು ಸಕ್ಕರೆ ಕಾರ್ಖಾನೆ ಗೇಟಿನ ಮುಂದಿನ ಕಬ್ಬಿನ ಗಾಡಿಗಳ ಹಾಗೆ. ಖಾಲಿ ಇದ್ದರೆ ನೇರ ತೂಕಕ್ಕೆ. ಇಲ್ಲದಿದ್ದರೆ ಎತ್ತು ಬಿಚ್ಚಿ, ಗಾಡಿ ಕೆಳಗೆ ಟವೆಲ್ ಹಾಸಿ ಮಲಗಬೇಕು.

ಅಂದಿನಿಂದ ಮೊದಲನೆಯದಕ್ಕೆ ‘ಸರದಿ ತಡ’, ಎರಡನೆಯದಕ್ಕೆ ‘ಸಾಲು ತಡ’ ಅಂತ ಬರೆಯುತ್ತಿದ್ದೇನೆ. ಬೋರ್ಡ್ ಮೇಲಿನ ಲೆಕ್ಕ ಇದು: ಸೆಕೆಂಡಿಗೆ 10 ಮೆಗಾಬಿಟ್ ತಂತಿಯಲ್ಲಿ 1500 ಬೈಟಿನ (ಬೈಟಿಗೆ 8 ಬಿಟ್, ಒಟ್ಟು 12,000 ಬಿಟ್) ಪ್ಯಾಕೆಟ್ ಹೊರಡಲು 1.2 ಮಿಲಿಸೆಕೆಂಡ್ ಸಾಕು. ಅದೇ ತಂತಿಯನ್ನು ಹತ್ತು ಜನಕ್ಕೆ ಸಮನಾಗಿ ಗೊತ್ತು ಮಾಡಿಕೊಟ್ಟರೆ ಒಬ್ಬರ ಪಾಲು 1 ಮೆಗಾಬಿಟ್. ಆಗ 12 ಮಿಲಿಸೆಕೆಂಡ್, ಉಳಿದ ಒಂಬತ್ತು ಜನ ಮಲಗಿದ್ದರೂ! ಆದರೆ ಸರದಿ ತಡ ಹೆಚ್ಚು ಕಡಿಮೆ ಆಗುವುದಿಲ್ಲ, ಅದು ಅದರ ಗುಣ. ಹಳೇ ಡಿಜಿಟಲ್ ಟೆಲಿಫೋನ್ ಜಾಲದಲ್ಲಿ ಪ್ರತಿ ಕರೆಗೂ 125 ಮೈಕ್ರೋಸೆಕೆಂಡಿಗೊಮ್ಮೆ ತಪ್ಪದೆ ಸರದಿ ಬರುತ್ತಿತ್ತು. ಸಾಲು ತಡ ಹಾಗಲ್ಲ. ಜನ ಜಾಸ್ತಿಯಾದಂತೆ ಏರುತ್ತದೆ, ತಂತಿ ತುಂಬುತ್ತಾ ಬಂದರೆ ಒಮ್ಮೆಗೇ ಏರುತ್ತದೆ.

ತಂತಿಯಲ್ಲಿ ಸಾಗುವ ಹೊತ್ತಿಗೆ ‘ದಾರಿ ತಡ’ ಸಾಕು ಅನಿಸಿದೆ. ಮಂಡ್ಯದಿಂದ ಮೈಸೂರಿಗೆ ಫೈಬರ್‌ನಲ್ಲಿ ಕಾಲು ಮಿಲಿಸೆಕೆಂಡಿನ ಆಸುಪಾಸು, ಅಷ್ಟೇ.

ಅಡ್ಡಿ ಒಂದಿದೆ. ಪತ್ರಿಕೆಗಳು ಕ್ಯೂಗೆ ‘ಸರತಿ ಸಾಲು’ ಅಂತ ಎರಡನ್ನೂ ಸೇರಿಸಿ ಬರೆಯುತ್ತವೆ. ಅದನ್ನು ಓದಿ ಬೆಳೆದ ಮಕ್ಕಳಿಗೆ ‘ಸರದಿ’ ಅಂದರೂ ಕ್ಯೂ ನೆನಪಾಗುತ್ತದೆಯೇ? ‘ಪಾಳಿ’ ಯೋಚಿಸಿದೆ. ಆದರೆ ಇಲ್ಲಿ ಪಾಳಿ ಅಂದರೆ ರಾತ್ರಿ ಪಾಳಿಯೇ. ‘ಕಟ್ಟು ತಡ’ ಅಂತಲೇ ಇಡೋಣ ಅಂದರೆ ನಾಲೆ ನೋಡದ ಊರಿನವರಿಗೆ ಅರ್ಥವಾದೀತೇ? ನಿಮ್ಮ ಕಡೆ ನೀರು ಹಂಚುವಾಗ ‘ನಮ್ಮ ಹೊತ್ತು’ ಅನ್ನುವುದಕ್ಕೆ ಏನಂತಾರೆ, ದಯವಿಟ್ಟು ತಿಳಿಸಿ.