ಕೀಲಿ ಹಾಕಿದ ಪಾಯಖಾನೆ ಇದ್ದರೂ ಇಲ್ಲದ ಹಾಗೆಯೇ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಸವಿತಾ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಯನ್ನೂ ಅದಕ್ಕೆ ನೀವು ಕೊಟ್ಟ ಉತ್ತರಗಳನ್ನೂ ಬೆಳಿಗ್ಗೆ ಓದಿದೆ. ಮೊಬೈಲಿನಲ್ಲಿ ಬೆರಳು ಒತ್ತಿ ಬರೆಯುವುದು ನನ್ನಿಂದಾಗದ ಕೆಲಸವಾದ್ದರಿಂದ ಮಾತಿನಲ್ಲಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಚಹಾ ಕುಡಿಯುತ್ತ ಕೇಳಿರಿ.

ಓದದೇ ಇದ್ದವರಿಗಾಗಿ ಸಂಗತಿಯನ್ನು ಮೊದಲು ಹೇಳುತ್ತೇನೆ. ಸವಿತಾ ಬೆಳಗಾವಿಯ ಉದ್ಯಮಬಾಗ ಎಂಬ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪಿನಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸಕ್ಕೆ ಈಚೆಗೆ ಸೇರಿದ್ದಾಳೆ. ಅಲ್ಲಿ ಗಂಡಸರು ಇಪ್ಪತ್ತರ ಮೇಲಿದ್ದಾರೆ, ಹೆಂಗಸರು ಎಂಟು ಮಂದಿ. ಹೆಂಗಸರಿಗೆ ಬೇರೆ ಪಾಯಖಾನೆ ಇದೆ, ಆದರೆ ಅದಕ್ಕೆ ಕೀಲಿ ಹಾಕಿರುತ್ತದೆ, ಕೀಲಿ ಸುಪರ್‌ವೈಸರ್ ಹತ್ತಿರ ಇರುತ್ತದೆ, ಎಲ್ಲರ ಎದುರಿಗೆ ಹೋಗಿ ಕೇಳಿದರೆ ಆತ “ಮತ್ತೆ ಏನವಾ?” ಎನ್ನುತ್ತಾನೆ. ಮಧ್ಯಾಹ್ನದ ಮೇಲೆ ನಳಕ್ಕೆ ನೀರು ಬರುವುದಿಲ್ಲ. ಕೈ ತೊಳೆಯಲು ಒಂದು ಬಕೆಟ್ ಇಟ್ಟಿದ್ದಾರೆ, ಅದರಲ್ಲಿ ಎಲ್ಲರೂ ಕೈ ಅದ್ದುತ್ತಾರೆ, ಸಾಬೂನು ಇಲ್ಲ. “ಇದನ್ನು ಕೇಳಬಹುದೇ, ಅಥವಾ ಸುಮ್ಮನಿರಬೇಕೇ?” ಎಂಬುದು ಅವಳ ಪ್ರಶ್ನೆ. ಕಾಶೀನಾಥ ಮಾಮಾ ಅವರು ಹೊಸ ಕೆಲಸದಲ್ಲಿ ಇಂಥ ಮಾತು ತೆಗೆಯಬೇಡ, ಹೊಂದಿಕೊಂಡು ಹೋಗು ಎಂದಿದ್ದಾರೆ. ವಿಜಯಪುರದ ಅಕ್ಕ, ಕೆಲಸಕ್ಕೆ ಹೋಗುವ ದಿನ ನೀರು ಕಡಿಮೆ ಕುಡಿ ಎಂದು ಸಲಹೆ ಕೊಟ್ಟಿದ್ದಾಳೆ.

ನಾನು ನೌಕರಿಯನ್ನೆಲ್ಲ ಸಕ್ಕರೆ ಕಾರ್ಖಾನೆಯಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿಯಾಗಿ ಮಾಡಿದವನು. ಐನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಗೆ ಅಂಥ ಅಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ಹೇಳುತ್ತಿತ್ತು, ಅದರಿಂದಲೇ ನನಗೆ ಅನ್ನ ಸಿಕ್ಕಿತು. ಆದ್ದರಿಂದ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗಿದೆ ಎಂದು ತಿಳಿದು ಹೇಳುತ್ತೇನೆ.

ಮೊದಲು ಅಕ್ಕನ ಮಾತಿಗೆ ಉತ್ತರ, ಏಕೆಂದರೆ ಅದರಿಂದಲೇ ಹೆಚ್ಚು ಕೇಡಾಗುವುದು. ಅಕ್ಕ, ನೀನು ಪ್ರೀತಿಯಿಂದಲೇ ಹೇಳಿರುವೆ, ಆದರೆ ಆ ದಾರಿಯನ್ನು ಅವಳಿಗೆ ತೋರಿಸಬೇಡ. ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗುತ್ತದೆ, ಹರಳು ಕಟ್ಟುವ ಸಾಧ್ಯತೆ ಹೆಚ್ಚುತ್ತದೆ. ಬಂದ ಮೂತ್ರವನ್ನು ತಾಸುಗಟ್ಟಲೆ ತಡೆದರೆ ಒಳಗೆ ಸೇರಿದ ರೋಗಾಣುಗಳು ಹೊರಗೆ ತೊಳೆದುಹೋಗದೆ ಅಲ್ಲಿಯೇ ಬೆಳೆಯುತ್ತವೆ. ಹೆಂಗಸರ ಮೂತ್ರನಾಳ ಗಂಡಸರದಕ್ಕಿಂತ ಬಹಳ ಗಿಡ್ಡವಾಗಿರುವುದರಿಂದ ಸೋಂಕು ಅವರಿಗೆ ಬೇಗ ತಗಲುತ್ತದೆ. ಮಾರ್ಚ್ ತಿಂಗಳ ನಂತರ ತಗಡಿನ ಚಾವಣಿಯ ಕೆಳಗೆ, ಯಂತ್ರಗಳ ಬಿಸಿಯಲ್ಲಿ ಕೆಲಸ ಮಾಡುವ ಮನುಷ್ಯನಿಗೆ ನೀರು ಕುಡಿಯಬೇಡ ಎನ್ನುವುದು ತಲೆತಿರುಗಿ ಬೀಳು ಎಂದಂತೆಯೇ ಸರಿ.

ಇನ್ನು ಕಾಶೀನಾಥ ಮಾಮಾ ಅವರ ಮಾತು. ಮಾಮಾ, ನೀವು ಹಿರಿಯರು, ಹೊಂದಿಕೊಂಡು ಹೋಗುವುದರ ಬೆಲೆ ನಿಮಗೆ ಗೊತ್ತು. ಆದರೆ ಆ ಮಷಿನ್ ಶಾಪಿನಲ್ಲಿ ಯಾರು ಎಷ್ಟು ಹೊಂದಿಕೊಳ್ಳುತ್ತಿದ್ದಾರೆ ಎಂಬುದನ್ನು ಸ್ವಲ್ಪ ನೋಡೋಣ. ಗಂಡಸರ ಪಾಯಖಾನೆಯಲ್ಲಿ ನೀರಿಲ್ಲದಿದ್ದರೆ ಅವರು ಕಂಪೌಂಡ್ ಗೋಡೆಯ ಹಿಂದೆ ಹೋಗಿ ಬರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಅವರಿಗೆ ಹಾಗೆ ನಡೆದುಹೋಗುತ್ತಿರುವವರೆಗೆ ಮಾಲೀಕನಿಗೆ ಕೊರತೆ ಕಾಣಿಸುವುದೇ ಇಲ್ಲ. ಕೊರತೆಯ ಇಡೀ ಭಾರ ಆ ಎಂಟು ಹೆಂಗಸರ ಹೊಟ್ಟೆಯ ಮೇಲೆ ಬೀಳುತ್ತದೆ. ಇದಕ್ಕೆ ಹೊಂದಾಣಿಕೆ ಎಂಬ ಹೆಸರು ಕೊಡಲು ನನಗೆ ಮನಸ್ಸಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಈಗ ಕೇಳಿರಿ. 1948ರ ಕಾಯ್ದೆಯ 19ನೇ ಕಲಮಿನಲ್ಲಿ ಪಾಯಖಾನೆ ಮತ್ತು ಮೂತ್ರಿಗಳ ವಿಷಯವಿತ್ತು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆಯಾಗಿ, ಗೋಡೆಗಳಿಂದ ಮುಚ್ಚಿದ, ಬೆಳಕು ಗಾಳಿ ಇರುವ ಜಾಗ ಇರಬೇಕು. ಅದನ್ನು ಚೊಕ್ಕಟವಾಗಿ ಇಡಲು ಆಳು ಇರಬೇಕು. ಕೆಲಸದ ಕೋಣೆಯೊಳಗೇ ಅದರ ಬಾಗಿಲು ತೆರೆಯಬಾರದು, ನಡುವೆ ಬಯಲು ಅಥವಾ ಗಾಳಿಯಾಡುವ ದಾರಿ ಇರಬೇಕು. ಇವೆಲ್ಲಕ್ಕಿಂತ ಸವಿತಾಳಿಗೆ ಬೇಕಾದ ಮಾತು ಅದೇ ಕಲಮಿನಲ್ಲಿತ್ತು: ಕಾರ್ಮಿಕರು ಕಾರ್ಖಾನೆಯಲ್ಲಿರುವ ಎಲ್ಲ ಹೊತ್ತಿನಲ್ಲಿಯೂ ಅದು ಅವರಿಗೆ ಅನುಕೂಲವಾಗಿ ಸಿಗುವಂತಿರಬೇಕು. ಎಲ್ಲ ಹೊತ್ತಿನಲ್ಲಿಯೂ ಎಂದ ಮೇಲೆ ಕೀಲಿಗೂ, “ಮತ್ತೆ ಏನವಾ” ಎಂಬ ಪ್ರಶ್ನೆಗೂ ಅಲ್ಲಿ ಜಾಗವಿರಲಿಲ್ಲ. ಕೈ ತೊಳೆಯುವ ವ್ಯವಸ್ಥೆ 42ನೇ ಕಲಮಿನಲ್ಲಿತ್ತು. ಸಾಕಷ್ಟು ಮತ್ತು ತಕ್ಕುದಾದ ವ್ಯವಸ್ಥೆ, ಗಂಡಸರಿಗೆ ಹೆಂಗಸರಿಗೆ ಪ್ರತ್ಯೇಕ, ಮರೆಯಿರುವಂಥದು, ಚೊಕ್ಕಟವಾಗಿ ಇಟ್ಟಿರುವಂಥದು. ಇಂಥ ಯಾವ ಸೌಲಭ್ಯಕ್ಕೂ ಕಾರ್ಮಿಕರಿಂದ ಹಣ ತೆಗೆದುಕೊಳ್ಳಕೂಡದು ಎಂದು 114ನೇ ಕಲಮು ಹೇಳುತ್ತಿತ್ತು. ಸಾಬೂನಿನ ಖರ್ಚನ್ನು ಪಗಾರದಲ್ಲಿ ಹಿಡಿಯುತ್ತೇವೆ ಎನ್ನುವ ಜಾಣರನ್ನು ನಾನು ಕಂಡಿದ್ದೇನೆ, ಅದಕ್ಕಾಗಿ ಇದನ್ನು ಹೇಳಿದೆ.

ಆ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದ್ದು, ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹೊಸದು ಬಂತು, ಹಳೆಯ ಹಕ್ಕು ಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ. ಗಂಡಸರಿಗೆ, ಹೆಂಗಸರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಬೇರೆ ಬೇರೆ ಪಾಯಖಾನೆ ಇರಬೇಕು, ಅವು ಸ್ವಚ್ಛವಾಗಿರಬೇಕು ಎಂದು 23ನೇ ಕಲಮು ಹೇಳುತ್ತದೆ. ಕೈಕಾಲು ತೊಳೆಯುವ ವ್ಯವಸ್ಥೆ 24ನೇ ಕಲಮಿನಲ್ಲಿದೆ. ಆ ಎಂಟು ಮಂದಿಯಲ್ಲಿ ಕೆಲವರು ಗುತ್ತಿಗೆಯವರು ಎಂದು ಸವಿತಾ ಬರೆದಿದ್ದಾಳೆ. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯಲ್ಲಿ ಈ ಹೊಣೆ ಮೊದಲು ಗುತ್ತಿಗೆದಾರನದಾಗಿತ್ತು, ಅವನು ಮಾಡದಿದ್ದರೆ ಮುಖ್ಯ ಮಾಲೀಕ ಮಾಡಿ ಖರ್ಚನ್ನು ಅವನಿಂದ ವಸೂಲಿ ಮಾಡಬೇಕಿತ್ತು. ಐವತ್ತು ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಸಂಸ್ಥೆಗಳಲ್ಲಿ ಹೊಸ ಸಂಹಿತೆ ಅದನ್ನು ನೇರವಾಗಿ ಮುಖ್ಯ ಮಾಲೀಕನ ಮೇಲೆಯೇ ಹಾಕಿದೆ. ಅಂಥ ಕಡೆ “ಅವರು ನಮ್ಮ ಆಳುಗಳಲ್ಲ” ಎಂಬ ಉತ್ತರ ನಡೆಯುವುದಿಲ್ಲ.

ಎಷ್ಟು ಜನರಿಗೆ ಎಷ್ಟು ಪಾಯಖಾನೆ ಎಂಬ ಲೆಕ್ಕಕ್ಕೆ ಬಂದರೆ, 1971ರ ಕೇಂದ್ರದ ಗುತ್ತಿಗೆ ಕಾರ್ಮಿಕ ನಿಯಮಗಳಲ್ಲಿ ಇಪ್ಪತ್ತೈದು ಹೆಂಗಸರಿಗೆ ಒಂದು, ಇಪ್ಪತ್ತೈದು ಗಂಡಸರಿಗೆ ಒಂದು ಎಂಬ ಅಳತೆ ಇತ್ತು. ಬಾಗಿಲ ಹೊರಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಫಲಕ ಇರಬೇಕು, ಅದರ ಮೇಲೆ ಗಂಡಸಿನ ಅಥವಾ ಹೆಂಗಸಿನ ಚಿತ್ರವೂ ಇರಬೇಕು ಎಂದು ಕೂಡ ಬರೆದಿದ್ದರು. ಓದಲು ಬಾರದವರನ್ನು ನೆನೆದು ಯಾರೋ ಪುಣ್ಯಾತ್ಮರು ಸೇರಿಸಿದ ಸಾಲು ಅದು. ನಮ್ಮ ಪುಣೆಯ ಸಂತೋಷ, ಬ್ರಿಟನ್ನಿನಲ್ಲಿ ಹೇಗೆ ಎಂದು ಕೇಳಿದ್ದಾನೆ. ಅಲ್ಲಿ 1992ರ ನಿಯಮಗಳ ಜೊತೆಗಿನ ಮಾರ್ಗಸೂಚಿಯಲ್ಲಿ ಐದು ಜನರವರೆಗೆ ಒಂದು, ಇಪ್ಪತ್ತೈದರವರೆಗೆ ಎರಡು, ಐವತ್ತರವರೆಗೆ ಮೂರು ಎಂದಿದೆ. ನನಗೆ ಮೆಚ್ಚಿಗೆಯಾದದ್ದು ಆ ಸಂಖ್ಯೆಯಲ್ಲ, ಪಾಯಖಾನೆ ಎಷ್ಟೋ ಕೈ ತೊಳೆಯುವ ಬೇಸಿನ್ನುಗಳೂ ಅಷ್ಟೇ ಇರಬೇಕೆಂದು ಜೋಡಿಯಾಗಿ ಹೇಳಿರುವುದು. ಹರಿಯುವ ನೀರು, ಸಾಬೂನು, ಕೈ ಒರೆಸಿಕೊಳ್ಳಲು ಏನಾದರೂ ಒಂದು, ಇವೂ ಅದರಲ್ಲಿ ಸೇರಿವೆ. ನಮ್ಮ ಕಡೆ ಪಾಯಖಾನೆ ಕಟ್ಟಿದರೆ ಕೆಲಸ ಮುಗಿಯಿತು ಎನ್ನುತ್ತಾರೆ, ಕೈ ತೊಳೆಯುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಉದ್ಯಮಬಾಗದಂಥ ಕಡೆ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಲೋಹದ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಕರೀ ಮರಳಿನ ಧೂಳು, ಮಷಿನ್ ಶಾಪಿನಲ್ಲಿ ಕೂಲಂಟ್ (ಲೋಹ ಕೊರೆಯುವಾಗ ಬಿಸಿಯಾಗದಂತೆ ಸುರಿಯುವ ದ್ರವ) ಮತ್ತು ಗ್ರೀಸ್, ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಚೂರು, ಪೇಂಟಿನ ಕೆಲಸವಿದ್ದರೆ ಅದರ ವಿಷ, ಎಲ್ಲವೂ ಕೈಯಲ್ಲಿ ಕೂತಿರುತ್ತವೆ. ನಾವು ರೊಟ್ಟಿ ತಿನ್ನುವವರು, ಬುತ್ತಿ ಬಿಚ್ಚಿದರೆ ಕೈಯಿಂದಲೇ ಮುರಿದು ತಿನ್ನುತ್ತೇವೆ. ಹೀಗಿರುವಾಗ ಕೈಗೆ ಹತ್ತಿದ್ದು ಹೊಟ್ಟೆಗೆ ಹೋಗದೆ ಎಲ್ಲಿಗೆ ಹೋಗಬೇಕು? ಗ್ರೀಸ್ ಬರೀ ನೀರಿಗೆ ಬಿಡುವುದಿಲ್ಲ. ಸಾಬೂನು ಇಲ್ಲದ ಕಡೆ ಹುಡುಗರು ಸೀಮೆಎಣ್ಣೆಯಿಂದಲೋ ಥಿನ್ನರಿನಿಂದಲೋ ಕೈ ಉಜ್ಜಿಕೊಳ್ಳುತ್ತಾರೆ. ಕೊಳೆ ಹೋಗುತ್ತದೆ ನಿಜ, ಅದರ ಸಂಗಡ ಚರ್ಮದ ಸ್ವಂತ ಜಿಡ್ಡೂ ಹೋಗುತ್ತದೆ; ಕೈ ಒಡೆದು, ತುರಿಕೆ ಹತ್ತಿ, ಬಿರುಕಿನೊಳಗೆ ಕೂಲಂಟ್ ಇಳಿದು ಹುಣ್ಣಾಗುತ್ತದೆ. ಸ್ಯಾನಿಟೈಸರ್ ಬಾಟಲಿ ಇಟ್ಟಿದ್ದೇವಲ್ಲ ಎಂದು ತೋರಿಸುವವರೂ ಇದ್ದಾರೆ. ಕೊಳೆ, ಜಿಡ್ಡು ಇರುವ ಕೈಯ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಲೋಹದ ಚೂರನ್ನಂತೂ ತೆಗೆಯುವುದೇ ಇಲ್ಲ. ಸಾಬೂನು, ಹರಿಯುವ ನೀರು, ಕನಿಷ್ಠ ಇಪ್ಪತ್ತು ಸೆಕೆಂಡು ಉಜ್ಜುವಷ್ಟು ಬಿಡುವು, ಇಷ್ಟು ಬೇಕು. ಊಟದ ಬಿಡುವಿನಲ್ಲಿ ಎಲ್ಲರೂ ಒಮ್ಮೆಲೇ ಬರುವುದರಿಂದ ಒಂದೇ ನಳ ಇದ್ದರೆ ಹಿಂದಿನವರು ಪ್ಯಾಂಟಿಗೆ ಕೈ ಒರೆಸಿಕೊಂಡು ಊಟಕ್ಕೆ ಕೂತುಬಿಡುತ್ತಾರೆ.

ಬಕೆಟ್ಟಿನಲ್ಲಿ ಎಲ್ಲರೂ ಕೈ ಅದ್ದುವುದು ತೊಳೆಯುವುದೇ ಅಲ್ಲ, ಒಬ್ಬನ ಹೊಲಸನ್ನು ಎಲ್ಲರಿಗೂ ಹಂಚುವುದು. ಬೇಸಿಗೆಯಲ್ಲಿ ಬೋರ್ ಬತ್ತುತ್ತದೆ, ನೀರು ಎಲ್ಲಿಂದ ತರಲಿ ಎಂದು ಮಾಲೀಕ ಕೇಳಿದರೆ ಅದು ಸುಳ್ಳು ಮಾತೇನಲ್ಲ, ಬೆಳಗಾವಿಯಲ್ಲಿದ್ದವರಿಗೆ ಏಪ್ರಿಲ್ ತಿಂಗಳ ನೀರಿನ ಸಂಕಟ ಗೊತ್ತು. ಆದರೆ ಎತ್ತರದ ಕಟ್ಟೆಯ ಮೇಲೆ ಒಂದು ಡ್ರಮ್ ಇಟ್ಟು, ಅದರ ಬುಡಕ್ಕೆ ಎರಡು ನಳ ಜೋಡಿಸಿದರೆ ಸ್ವಲ್ಪ ನೀರಿನಲ್ಲಿಯೇ ಹೆಚ್ಚು ಜನರ ಕೈ ಚೊಕ್ಕಟವಾಗುತ್ತವೆ. ಕೂಲಂಟಿಗೆ ಟ್ಯಾಂಕರ್ ನೀರು ತರಿಸುವವರಿಗೆ ಇದು ಹೆಚ್ಚಿನದೇನಲ್ಲ. ಕುಡಿಯುವ ನೀರನ್ನು ಮಾತ್ರ ಅಲ್ಲಿಯೇ ಪಕ್ಕದಲ್ಲಿ ಇಡಬಾರದು. ತೊಳೆಯುವ ಜಾಗ ಮತ್ತು ಪಾಯಖಾನೆಯಿಂದ ಆರು ಮೀಟರಿನ ಒಳಗೆ ಅದು ಇರಕೂಡದೆಂದು ಹಳೆಯ ಕಾಯ್ದೆಯಲ್ಲಿಯೇ ಇತ್ತು.

ಹೆಂಗಸರಿಗೆ ಮತ್ತೂ ಕೆಲವು ಬೇಕು. ಹಿರಿಯರಿರುವ ಗುಂಪೆಂದು ಸಂಕೋಚಪಟ್ಟು ಇದನ್ನು ಬಿಡುವುದಿಲ್ಲ. ಒಳಗಿನಿಂದ ಹಾಕಲು ಗಟ್ಟಿ ಚಿಲಕ, ಮುಟ್ಟಿನ ದಿನಗಳಿಗಾಗಿ ಮುಚ್ಚಳವಿರುವ ಕಸದ ಡಬ್ಬಿ, ಸುತ್ತಿ ಹಾಕಲು ಕಾಗದ, ಒಳಗೇ ನೀರು, ಸಂಜೆಯ ಪಾಳಿಗೆ ದೀಪ. ಡಬ್ಬಿ ಇಲ್ಲದಿದ್ದರೆ ಪ್ಯಾಡ್ ಒಳಗೇ ಹೋಗುತ್ತದೆ, ಪೈಪು ಕಟ್ಟುತ್ತದೆ, ಆಮೇಲೆ “ಹೆಂಗಸರಿಗೆ ಬಳಸಲು ಬರುವುದಿಲ್ಲ” ಎಂದು ಕೀಲಿ ಬೀಳುತ್ತದೆ. ಸವಿತಾ ಹೇಳಿದ ಕೀಲಿಯ ಕತೆಯೂ ಬಹುಶಃ ಹೀಗೆಯೇ ಶುರುವಾಗಿರಬೇಕು, ಕೇಳಿ ನೋಡಲಿ. ಇನ್ನೊಂದು ಮಾತು: ಪಾಯಖಾನೆಯ ಗುಂಡಿ ತುಂಬಿದಾಗ ರಕ್ಷಣೆಯ ಸಲಕರಣೆ ಇಲ್ಲದೆ ಸಫಾಯಿಯ ಮನುಷ್ಯನನ್ನು ಒಳಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಮಷಿನ್ ಗಾಡಿಯನ್ನೇ ಕರೆಸಬೇಕು. ನಮ್ಮ ಅನುಕೂಲ ಕೇಳುವಾಗ ತೊಳೆಯುವವರ ಜೀವವನ್ನೂ ನೆನಪಿಡಬೇಕು.

ಖಡೇಬಜಾರಿನ ಬಟ್ಟೆ ಅಂಗಡಿಗಳ ಹುಡುಗಿಯರ ಪಾಡು, ವಡಗಾವಿ ಮತ್ತು ರಬಕವಿ-ಬನಹಟ್ಟಿಯ ಮನೆಮಗ್ಗಗಳಲ್ಲಿ ದುಡಿಯುವವರ ಪಾಡು ಬೇರೆಯೇ ಇದೆ. ಹತ್ತು ಜನರಿಲ್ಲದ ಕಡೆ ಈ ಸಂಹಿತೆಯ ಕೈ ತಲುಪುವುದಿಲ್ಲ, ಮಾಲೀಕನ ಮನೆಯ ಬಾಗಿಲು ತೆರೆದರೆ ಉಂಟು, ಇಲ್ಲವಾದರೆ ಇಲ್ಲ. ಅದನ್ನು ಇನ್ನೊಮ್ಮೆ ಮಾತನಾಡೋಣ.

ಸವಿತಾ, ಈಗ ನಿನಗೆ. ಒಬ್ಬಳೇ ಹೋಗಬೇಡ, ಮತ್ತು ಸುಪರ್‌ವೈಸರ್ ಜೊತೆ ವಾದಕ್ಕೆ ನಿಲ್ಲಬೇಡ, ಏಕೆಂದರೆ ಕೀಲಿ ಅವನ ಕೈಗೆ ಕೊಟ್ಟವರು ಬೇರೆ. ಎಂಟೂ ಮಂದಿ ಸೇರಿ ಮಾಲೀಕರನ್ನೇ ಕಾಣಿರಿ. “ಸೌಲಭ್ಯ ಸರಿ ಇಲ್ಲ” ಎಂದು ಒಟ್ಟಾರೆ ದೂರಿದರೆ ನೋಡೋಣ ಎಂಬ ಉತ್ತರ ಬರುತ್ತದೆ. ಕೀಲಿ ತೆಗೆಯಿರಿ, ಒಳಗೆ ಚಿಲಕ ಹಾಕಿಸಿರಿ, ಡಬ್ಬಿ ಇಡಿಸಿರಿ, ಡ್ರಮ್ಮಿಗೆ ನಳ ಜೋಡಿಸಿರಿ, ಸಾಬೂನು ಇಡಿರಿ, ದಿನಕ್ಕೊಮ್ಮೆ ತೊಳೆಸಿರಿ ಎಂದು ಒಂದೊಂದಾಗಿ ಹೇಳಿರಿ. ಇಷ್ಟೆಲ್ಲದರ ಖರ್ಚು ಹಾಳಾದ ಒಂದು ಎರಕದ ತುಂಡಿನ ಬೆಲೆಗಿಂತ ದೊಡ್ಡದಾಗಲಿಕ್ಕಿಲ್ಲ ಎಂಬುದು ಅವರಿಗೇ ಹೊಳೆಯುತ್ತದೆ. ಬಹಳಷ್ಟು ಮಾಲೀಕರು ಕೆಟ್ಟವರಲ್ಲ, ಆ ಕಡೆ ಹೋಗಿ ನೋಡಿರುವುದಿಲ್ಲ ಅಷ್ಟೆ. ಅವರ ಕ್ಯಾಬಿನ್ನಿಗೆ ಬೇರೆ ಪಾಯಖಾನೆ ಇರುತ್ತದೆ.

ಬಾಯಿಮಾತಿಗೆ ಆಗದಿದ್ದರೆ ಪತ್ರ, ಎಲ್ಲರ ಸಹಿಯೊಂದಿಗೆ, ತಾರೀಖು ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಂಡು. ಅದಕ್ಕೂ ಆಗದಿದ್ದರೆ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಇದೆ. ಕಾರ್ಮಿಕರು ನೇರವಾಗಿ ಅದರ ಅಧಿಕಾರಿಗೆ ದೂರು ಕೊಡಬಹುದು. ಮಾಮಾ ಹೇಳುವ ಭಯ ನಿಜವಾದದ್ದೇ, ಹೊಸಬಳನ್ನು ತೆಗೆದುಹಾಕುವುದು ಸುಲಭ. ಅದಕ್ಕಾಗಿಯೇ ಎಂಟು ಮಂದಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದೇನೆ. ಪತ್ರದ ಕರಡನ್ನು ನಾನು ಬರೆದುಕೊಡುತ್ತೇನೆ. ಉಳಿದ ಏಳು ಮಂದಿಯನ್ನು ಈ ವಾರ ಕೇಳಿಕೋ, ಕೀಲಿ ಯಾವಾಗಿನಿಂದ ಬಿತ್ತು, ಯಾರ ಹೇಳಿಕೆಯ ಮೇಲೆ ಬಿತ್ತು ಎಂಬುದನ್ನೂ ತಿಳಿದುಕೋ, ಭಾನುವಾರ ಊಟವಾದ ಮೇಲೆ ನನಗೆ ಫೋನ್ ಮಾಡು.