ಸಹಾಯ ಬೇಕು: ಆ್ಯಂಟಿಬಯೋಟಿಕ್ ಜೊತೆಗೆ ಪ್ರೊಬಯೋಟಿಕ್ ಕೊಡುವ ಬಗ್ಗೆ

ಗುಂಪಿನಲ್ಲಿರುವ ವೈದ್ಯರು, ಔಷಧತಜ್ಞರು ಮತ್ತು ಅನುಭವಸ್ಥರಲ್ಲಿ ಒಂದು ವಿನಂತಿ. ಎಪ್ಪತ್ತು ದಾಟಿದ ನಮ್ಮ ತಾಯಿಯವರಿಗೆ ಹಲ್ಲಿನ ಸೋಂಕಿಗಾಗಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟಿದ್ದಾರೆ. ಹಿಂದೊಮ್ಮೆ ಇದೇ ಮಾತ್ರೆಯಿಂದ ಭೇದಿ ಹತ್ತಿ, ಗಂಜಿಯೂ ದಕ್ಕದೆ, ಗೋಡೆ ಹಿಡಿದು ಬಚ್ಚಲವರೆಗೆ ನಡೆಯುವಷ್ಟು ನಿತ್ರಾಣರಾಗಿದ್ದರು.

ಸೋಂಕಿನ ಬ್ಯಾಕ್ಟೀರಿಯಾಗಳ ಜೊತೆಗೆ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳೂ ಸಾಯುವುದರಿಂದ ಹೀಗಾಗಬಹುದೆಂದೂ, ಪ್ರೊಬಯೋಟಿಕ್‌ಗಳಾದ (ಕರುಳಿಗೆ ಒಳಿತಾಗಲೆಂದು ಕೊಡುವ ಜೀವಂತ ಸೂಕ್ಷ್ಮಾಣುಗಳು) ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಎಂಬ ಬ್ಯಾಕ್ಟೀರಿಯಾವನ್ನು ಅಥವಾ ಸ್ಯಾಕರೋಮೈಸಿಸ್ ಬೌಲಾರ್ಡಿಯನ್ನು ಆರಂಭದಿಂದಲೇ ಕೊಟ್ಟರೆ ಭೇದಿಯ ಸಾಧ್ಯತೆ ತಗ್ಗಬಹುದೆಂದೂ ಓದಿದ್ದೇನೆ. ಎರಡನೆಯದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಆದ್ದರಿಂದ ಆ್ಯಂಟಿಬಯೋಟಿಕ್‌ಗೆ ಸಾಯುವುದಿಲ್ಲ. ಆದರೆ ರೋಗನಿರೋಧಕ ಶಕ್ತಿ ತೀರಾ ಕುಂದಿದವರಲ್ಲಿ ಮತ್ತು ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿರುವವರಲ್ಲಿ ಅದೇ ಯೀಸ್ಟ್ ರಕ್ತಕ್ಕೆ ಸೇರಿ ಸೋಂಕು ತಂದ ಉದಾಹರಣೆಗಳಿವೆ. ನನ್ನ ಚಿಂತೆ ಇರುವುದು ಇಲ್ಲಿಯೇ. ಅಮ್ಮ ಸಂಧಿವಾತಕ್ಕಾಗಿ ಬಹಳ ಕಾಲದಿಂದ, ರೋಗನಿರೋಧಕ ಶಕ್ತಿಯನ್ನು ತಗ್ಗಿಸಬಲ್ಲ ಸ್ಟೀರಾಯ್ಡ್ ಆದ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುತ್ತಿದ್ದಾರೆ.

ಇಂಥವರಿಗೆ ಯಾವುದು ಸುರಕ್ಷಿತ? ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್ ಆದರೆ, ಆ್ಯಂಟಿಬಯೋಟಿಕ್ ನುಂಗಿದ ಮೇಲೆ ಎರಡು ಗಂಟೆಯ ಅಂತರ ಸಾಕೇ? ಮಾತ್ರೆ ಮುಗಿದ ನಂತರವೂ ಎಷ್ಟು ದಿನ ಮುಂದುವರಿಸಬೇಕು? ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಅವರಿಗೆ ನಿತ್ಯವೂ ಬೇಕು. ಆದರೆ ಅದರಲ್ಲಿ ಯಾವ ತಳಿ ಎಷ್ಟಿದೆ ಎಂಬುದು ತಿಳಿಯದ ಕಾರಣ, ಅದೊಂದನ್ನೇ ನೆಚ್ಚಿಕೊಳ್ಳಲು ಧೈರ್ಯ ಬರುತ್ತಿಲ್ಲ. ಸೋಮವಾರ ವೈದ್ಯರನ್ನು ಕಾಣಲಿದ್ದೇವೆ, ಅವರ ಮಾತಿನಂತೆಯೇ ನಡೆಯುತ್ತೇವೆ. ಅಷ್ಟರೊಳಗೆ, ಅವರಲ್ಲಿ ಏನೇನು ಕೇಳಬೇಕೆಂದು ಬಲ್ಲವರು ತಿಳಿಸಿದರೂ ದೊಡ್ಡ ಉಪಕಾರವಾಗುತ್ತದೆ.